ದಾರದಕ್ಕ ಹೊಲಿದ ಅನ್‌ಅಪ್ರೂವ್ಡ್ ಅಂಗಿ

ಮೊದಲೇ ಹೇಳಿಬಿಡ್ತೀನಿ, ಆ ಇಂಗ್ಲಿಷ್ ಪದದ ಅರ್ಥ ನನಗೆ ಇವತ್ತಿಗೂ ನೆಟ್ಟಗೆ ಗೊತ್ತಿಲ್ಲ. ಗೊತ್ತಿದ್ದವರು ಅಂತ ಯಾರ್ಯಾರ ಹತ್ತಿರ ಹೋದೆವೋ, ಒಬ್ಬೊಬ್ಬರು ಒಂದೊಂದು ಹೇಳಿದರು. ಕೇಳಿ ಕೇಳಿ ನನ್ನ ತಲೆ ಮೊಸರುಗಡಿಗೆ ಆಯಿತು. ಆದರೆ ಆ ಪದದ ದೆಸೆಯಿಂದ ನಮ್ಮ ದಾರದಕ್ಕನಿಗೆ ಏನಾಯಿತು ಅನ್ನೋದು ನನ್ನಷ್ಟು ಇನ್ಯಾರಿಗೂ ಗೊತ್ತಿಲ್ಲ. ಅದನ್ನೇ ಹೇಳ್ತೀನಿ.

ನಾನು ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿಯವಳು. ಕೆಳಗಿನ ದೊಡ್ಡ ಹಾಲ್‌ನಲ್ಲಿ ಹನ್ನೆರಡು ಲೈನು, ಒಂದೊಂದು ಲೈನಿಗೆ ನಲವತ್ತು ಮಿಷನ್ನು. ಅಲ್ಲಿ ಗಂಟೆಗೆ ಇಷ್ಟು ಪೀಸು ಅಂತ ಲೆಕ್ಕ, ಬೋರ್ಡಿನ ಮೇಲೆ ಬರೀತಾರೆ, ಕಡಿಮೆ ಆದರೆ ಸೂಪರ್‌ವೈಸರ್ ಬಾಯಿಗೆ ಸಿಕ್ಕಬೇಕು. ಮೇಲಿನ ಮಹಡಿಯಲ್ಲಿ ನಮ್ಮದು, ಸ್ಯಾಂಪಲ್ ರೂಮು. ಐದೇ ಮಿಷನ್ನು, ಕತ್ತರಿಸೋ ಮೇಜು ಒಂದು, ನನ್ನ ಇಸ್ತ್ರಿ ಮೇಜು ಒಂದು. ಅಂಗಿ ಕೊಳ್ಳೋ ಪರದೇಶದ ಬಯರ್ ಚಿತ್ರ ಕಳಿಸ್ತಾನೆ, ಅಳತೆ ಕಳಿಸ್ತಾನೆ. ನಾವು ಒಂದು ಅಂಗಿ ಹೊಲಿದು ಕಳಿಸ್ತೀವಿ. ಅವನಿಗೆ ಒಪ್ಪಿಗೆಯಾದರೆ ಹಸಿರು ಚೀಟಿ ಕಟ್ಟಿ ವಾಪಸ್ ಕಳಿಸ್ತಾನೆ. ಅದನ್ನು ಕೆಳಗೆ ತಗಲಿಹಾಕಿ, ನೋಡಿಕೊಂಡು ಎಂಟು ಸಾವಿರ ಅಂಗಿ ಹೊಲೀತಾರೆ. ಒಪ್ಪಿಗೆ ಆಗದಿದ್ದರೆ ಕೆಂಪು ಚೀಟಿ, ಅದರ ಜೊತೆ ತಪ್ಪುಗಳ ಮೊಳದುದ್ದದ ಪಟ್ಟಿ.

ಆ ಒಂದು ಅಂಗಿ ಹೊಲಿಯೋರು ದಾರದಕ್ಕ. ಹೆಸರು ಬೇರೆ ಇದೆ, ಹಾಜರಿ ಪುಸ್ತಕ ಬಿಟ್ಟರೆ ಯಾರೂ ಕರೆಯಲ್ಲ. ತುಟಿ ನಡುವೆ ಯಾವಾಗಲೂ ಒಂದು ಎಳೆ ದಾರ ಕಚ್ಚಿಕೊಂಡಿರೋರು. ಏನು ಕೇಳಿದರೂ ಆ ದಾರದ ಸಂದಿಯಿಂದ "ಹ್ಞೂಂ" ಅಂತಿದ್ದರು. ಅದು ಹೌದೋ, ಅಲ್ಲವೋ, ಸುಮ್ಮನಿರು ತಾಯಿ ಅಂತಲೋ, ಹತ್ತಿರದವರು ಕಣ್ಣು ನೋಡಿ ತಿಳಿದುಕೋಬೇಕು. ಇಪ್ಪತ್ತಾರು ವರ್ಷದ ಕೆಲಸ, ಅದರಲ್ಲಿ ಹದಿನಾಲ್ಕು ಸ್ಯಾಂಪಲ್ ರೂಮಿನ ಕಿಟಕಿ ಪಕ್ಕದ ಮಿಷನ್ನಿನಲ್ಲೇ. ಐವತ್ತೆರಡರ ಹೆಂಗಸು, ಬಲ ಮಂಡಿ ಸವೆದುಹೋಗಿದೆ. ಮೇಲೆ ಲೆಕ್ಕದ ಬೋರ್ಡಿಲ್ಲ, ನೋವು ಬಂದಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಆ ಕುರ್ಚಿ ತಪ್ಪಿದರೆ ಮತ್ತೆ ಲೈನಿಗೇ ಇಳಿಯಬೇಕು. ಅದೊಂದೇ ಅಕ್ಕನಿಗಿದ್ದ ಭಯ.

ಬೇರೆ ಟೈಲರ್‌ಗಳು ಅಂಗಿ ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕೈ ತೊಳಕೊಳ್ಳೋರು. ಗುಂಡುಸೂಜಿ ಹಾಕೋ ಹಾಗಿಲ್ಲ, ಬಯರ್‌ಗೆ ಆಗಲ್ಲ. ಆದರೆ ದಾರಿಯಲ್ಲಿ ಮಡಿಕೆ ಜಾರಿ ಕಾಲರ್ ಸೊಟ್ಟಗಾದರೆ ಅಕ್ಕನಿಗೆ ಸಹಿಸೋಕೆ ಆಗ್ತಿರಲಿಲ್ಲ. ಅದಕ್ಕೇ ಕಾಲರ್ ಹಿಂದೆ ಎರಡು, ತೋಳಿನ ತುದಿಯಲ್ಲಿ ಎರಡು ಕಚ್ಚಾ ಹೊಲಿಗೆ ಹಾಕೋರು, ಬಿಳಿ ದಾರದಲ್ಲಿ, ಕಣ್ಣಿಗೆ ಕಾಣದ ಹಾಗೆ. ಎಳೆದರೆ ಪಟ್ಟಂತ ಕಿತ್ತು ಬರುತ್ತೆ. "ಯಾರಿಗಕ್ಕ ಈ ಸೇವೆ? ಅಲ್ಲಿ ಯಾರಾದ್ರೂ ನೋಡ್ತಾರಾ?" ಅಂತ ನಾನು ರೇಗಿಸೋಳು. "ಹ್ಞೂಂ."

ಒಂದು ದಿನ ಬೆಳಿಗ್ಗೆ ನೀಲಿ ಗೀಟಿನ ಅಂಗಿಯೊಂದು ವಾಪಸ್ ಬಂತು. ಚೀಟಿ ಹಸಿರೂ ಅಲ್ಲ, ಕೆಂಪೂ ಅಲ್ಲ. ಬರೀ ಬಿಳಿ ರಟ್ಟು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಪದ: ಅನ್‌ಅಪ್ರೂವ್ಡ್. ತಪ್ಪಿನ ಪಟ್ಟಿ ಇಲ್ಲ, ಸಹಿ ಇಲ್ಲ, ತಾರೀಕೂ ಇಲ್ಲ.

ಮ್ಯಾನೇಜರ್ ಸಾಹೇಬರು ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಪ್ರೂವ್ಡ್ ಅಲ್ಲ ಅಂದ್ಮೇಲೆ ಇನ್ನೇನು? ರಿಜೆಕ್ಟೇ" ಅಂದರು. ಮತ್ತೆ ಅವರಿಗೇ ಅನುಮಾನ. "ರಿಜೆಕ್ಟ್ ಆಗಿದ್ರೆ ರಿಜೆಕ್ಟೆಡ್ ಅಂತಾನೇ ಬರೀಬೇಕಿತ್ತಲ್ಲ?" ಬಯರ್ ಆಫೀಸಿಗೆ ಫೋನ್ ಮಾಡಿದರೆ ಅಲ್ಲಿ ಇನ್ನೂ ಮೂರು ದಿನ ರಜೆ. ಕೊನೆಗೆ ಅಂಗಿಯನ್ನು ಚೀಲದ ಸಮೇತ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು, ಯಾರೂ ಮುಟ್ಟಿ ತಿದ್ದಬಾರದು ಅಂತ. ಅಕ್ಕನ ಕಡೆ ತಿರುಗಿ, "ನೋಡಮ್ಮಾ, ಇದೇನು ಅಂತ ಗೊತ್ತಾಗೋ ತನಕ ನಾಲ್ಕನೇ ಲೈನಿಗೆ ಹೋಗಿರು. ರಿಜೆಕ್ಟ್ ಅಂತಾದ್ರೆ ಅಲ್ಲೇ ಖಾಯಂ" ಅಂದರು. ಕಿಟಕಿ ಪಕ್ಕದ ಮಿಷನ್ನಿಗೆ ಮಧ್ಯಾಹ್ನದೊಳಗೆ ಹೊಸಬಳೊಬ್ಬಳು ಬಂದು ಕೂತಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅರ್ಥವೇ ಗೊತ್ತಿಲ್ಲದ ಮಾತಿಗೆ ಶಿಕ್ಷೆಯಾ? "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ, ಹಂಗಾಯ್ತು ನಿಮ್ಮದು" ಅಂತ ಸಾಹೇಬರ ಬೆನ್ನಿಗೇ ಅಂದೆ. ಕೇಳಿಸಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಅಕ್ಕ ಕತ್ತರಿ, ಅಳತೆಪಟ್ಟಿ ತಗೊಂಡು ಮೆಟ್ಟಿಲ ಸರಳು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದುಹೋದರು.

ಊಟದ ಹೊತ್ತಲ್ಲಿ ಹಾಜರಿ ಬರೆಯೋ ಟೈಮ್ ಆಫೀಸಿನ ಗುಮಾಸ್ತನ ಕಿಟಕಿಗೆ ಹೋಗಿ ಕೇಳಿದೆ. ಅವನಿಗೆ ಇಂಗ್ಲಿಷ್ ಬರುತ್ತೆ ಅಂತ ಪ್ರತೀತಿ. "ಅದು ದೊಡ್ಡ ಮನುಷ್ಯರ ಮಾತಮ್ಮ" ಅಂದ. "ಬೇಡ ಅಂತ ಮುಖಕ್ಕೆ ಹೇಳೋಕೆ ಸಂಕೋಚ ಆದ್ರೆ ಹಿಂಗೆ ಬರೀತಾರೆ." ಬಟ್ಟೆ ಕತ್ತರಿಸೋ ನಮೂನೆ ಬರೆಯೋ ಪ್ಯಾಟರ್ನ್ ಮಾಸ್ಟರ್ ಪಕ್ಕದಲ್ಲೇ ಟೀ ಕುಡೀತಿದ್ದರು. "ನಿನ್ನ ತಲೆ! ಇನ್ನೂ ನೋಡಿಲ್ಲ ಅಂತ ಅರ್ಥ. ಹೆಣ್ಣು ನೋಡೋಕೇ ಬಾರದವನು ಬೇಡ ಅಂದ ಅಂತ ಆಗುತ್ತಾ?" ಅಂದರು. ಗುಮಾಸ್ತ ಬಿಡಲಿಲ್ಲ. "ನೋಡದೇ ಇದ್ರೆ ಚೀಟಿ ಯಾಕೆ ಕಟ್ತಾರೆ?" ಇಬ್ಬರೂ ಕೂಗಾಡಿಕೊಂಡರು. ಗಂಟೆ ಹೊಡೀತು. ನನ್ನ ಊಟವೂ ಹೋಯಿತು, ಅರ್ಥವೂ ಸಿಗಲಿಲ್ಲ.

ಸಂಜೆ ಅಕ್ಕನ ಜೊತೆ ಅವರ ಮನೆಗೇ ಹೋದೆ. ಎರಡು ಕೋಣೆಯ ಮಾಳಿಗೆ ಮನೆ. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ, ಇರೋರು ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಎಂಬತ್ತೆರಡು, ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ. ಸೊಸೆ ಮಾಡಿದ ಅಡುಗೆ ಹೇಗಿದೆ ಅಂದರೆ ಮೂವತ್ತು ವರ್ಷದಿಂದ ಒಂದೇ ಮಾತು: "ಹಸಿವಾದೋರು ತಿನ್ನಬಹುದು." ನಾನು ಚೀಟಿಯ ಕಥೆ ಹೇಳಿದೆ. ಮುದುಕಿ ಕಿವಿಗೊಟ್ಟು ಕೇಳಿ, ಸೊಸೆ ಕಡೆ ಮುಖ ಮಾಡಿ, "ಅಲ್ವೇ, ಅವನ್ಯಾರೋ ಏನೋ ಬರೆದ ಅಂತ ಊರೆಲ್ಲ ಕೇಳ್ಕೊಂಡು ಬರ್ತೀರಲ್ಲ. ಹೊಲಿದೋಳು ನೀನು. ಅಂಗಿ ನೆಟ್ಟಗಿತ್ತೋ ಇಲ್ವೋ ನಿನಗೆ ಗೊತ್ತಿಲ್ವಾ?" ಅಂದರು.

"ಗೊತ್ತು. ನೆಟ್ಟಗಿದೆ" ಅಂದರು ಅಕ್ಕ. ತುಟಿಯಲ್ಲಿ ದಾರ ಇರಲಿಲ್ಲ, ಅನುಮಾನವೂ ಇರಲಿಲ್ಲ.

ಅದೇ ಮನೆಯ ಕೆಳಗಡೆ ರಿಟೈರಾದ ಇಂಗ್ಲಿಷ್ ಮೇಷ್ಟ್ರು ಇದ್ದಾರೆ. ಕೈಯಲ್ಲಿ ಯಾವಾಗಲೂ ಒಂದು ದಪ್ಪ ಡಿಕ್ಷನರಿ, ಅದರ ಬೆನ್ನು ಕಿತ್ತುಹೋಗಿ ಗಾಯಕ್ಕೆ ಹಚ್ಚೋ ಪಟ್ಟಿ ಅಂಟಿಸಿದ್ದಾರೆ. ಪದ ಹೇಳಿದ ತಕ್ಷಣ ಅವರ ಮುಖ ಅರಳಿತು. ಎಷ್ಟು ದಿನದಿಂದ ಯಾರೂ ಏನೂ ಕೇಳಿರಲಿಲ್ಲವೋ ಪಾಪ!

"ಕೂತ್ಕೊಳ್ಳಿ" ಅಂದರು. "ಈ ಅಪ್ರೂವ್ ಅನ್ನೋದು ಇಂಗ್ಲಿಷಿನವರ ಸ್ವಂತ ಆಸ್ತಿ ಅಲ್ಲ. ಫ್ರೆಂಚರ ಮನೆ ದಾಟಿ ಬಂದಿದೆ, ಹುಟ್ಟಿದ್ದು ಲ್ಯಾಟಿನ್ನಲ್ಲಿ. ಅಲ್ಲಿ ಪ್ರೋಬುಸ್ ಅಂದ್ರೆ ಒಳ್ಳೆಯದು. ಪ್ರೊಬಾರೆ ಅಂದ್ರೆ ಒಳ್ಳೆಯದು ಹೌದೋ ಅಲ್ಲವೋ ಅಂತ ಒರೆ ಹಚ್ಚಿ ನೋಡೋದು. ನೋಡಿ ಸರಿಯಾಗಿದೆ ಅಂತ ಒಪ್ಪಿಕೊಂಡರೆ ಅದು ಅಪ್ರೂವ್. ಪ್ರೂಫು, ಪ್ರೊಬೇಷನ್ನು, ಎಲ್ಲ ಅದೇ ಮನೆತನ."

"ಪ್ರೊಬೇಷನ್ ಗೊತ್ತು ಮೇಷ್ಟ್ರೇ! ನನ್ನನ್ನ ಆರು ತಿಂಗಳು ಅದರಲ್ಲೇ ಕೊಳೆ ಹಾಕಿದ್ರು" ಅಂದೆ.

"ಅದೇ ಅಮ್ಮಾ, ಒರೆ ಹಚ್ತಾ ಇದ್ರು. ಇನ್ನೊಂದು ತಮಾಷೆ ಕೇಳಿ. ನಮ್ಮ ಪ್ರಭು ಅನ್ನೋ ಮಾತಿದೆಯಲ್ಲ, ಅದಕ್ಕೂ ಆ ಪ್ರೋಬುಸ್‌ಗೂ ಒಂದೇ ಬೇರು ಅಂತ ಬಲ್ಲವರು ಹೇಳ್ತಾರೆ."

"ಅಯ್ಯೋ, ಹಂಗಾದ್ರೆ ಪ್ರಭುಗಳಿಗೆ ಒಪ್ಪಿಗೆ ಆಗಿಲ್ಲ ಅಂತಾನಾ?" ನನಗೆ ನಿಜವಾಗಲೂ ದಾರಿ ತಪ್ಪಿತು.

"ಅಲ್ಲಮ್ಮ, ಅಲ್ಲ!" ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದೆ ಕೂತಿದೆ ನೋಡಿ ಅನ್, ಅದು ಅಪ್ಪಟ ಇಂಗ್ಲಿಷಿನ ಮನೆಮಗಳು. ಬೇರೆ ಕಡೆಯಿಂದ ಬಂದ ಪದದ ಬಾಗಿಲಲ್ಲಿ ನಿಂತು ಇಲ್ಲ ಅನ್ನೋದೇ ಅದರ ಕೆಲಸ. ಡಿಸ್‌ಅಪ್ರೂವ್ ಅಂದಿದ್ರೆ ನೋಡಿ ಮುಖ ತಿರುಗಿಸಿದ್ರು ಅನ್ನಬಹುದಿತ್ತು. ಅನ್‌ಅಪ್ರೂವ್ಡ್ ಅಂದ್ರೆ ಒಪ್ಪಿಗೆ ಇಲ್ಲ, ಅಷ್ಟೇ. ನೋಡಿ ಇಲ್ಲವೋ, ನೋಡದೇ ಇಲ್ಲವೋ, ಆ ಪದ ಬಾಯಿ ಬಿಡಲ್ಲ."

ಥೂ, ಇಷ್ಟಕ್ಕೆ ಲ್ಯಾಟಿನ್ನಿನ ತನಕ ಹೋಗಿ ಬರಬೇಕಿತ್ತಾ ಅನ್ನಿಸಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಅಕ್ಕ ಮುಂದಕ್ಕೆ ಬಾಗಿ ಕೇಳಿದರು.

"ಯಾರೂ ಒರೆ ಹಚ್ಚೇ ಇಲ್ಲ ಅಂತಾನೂ ಇರಬಹುದಾ ಮೇಷ್ಟ್ರೇ?"

"ಇರಬಹುದು. ಅದನ್ನ ಪದ ಹೇಳಲ್ಲ, ಅಂಗಿನೇ ಹೇಳಬೇಕು."

ಅಕ್ಕ ತಟ್ಟನೆ ಎದ್ದು ನಿಂತರು, ಮಂಡಿ ನೋವೂ ಮರೆತು. "ಹೇಳುತ್ತೆ" ಅಂದರು. "ನನ್ನ ಕಚ್ಚಾ ಹೊಲಿಗೆ ಇದೆಯಲ್ಲ!"

ಮಾರನೇ ದಿನ ಬೆಳಿಗ್ಗೆ ಸಾಹೇಬರ ಕೋಣೆ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ಮಾತಾಡಿದ್ದು ನಾನು. ನಾಲಿಗೆಗೆ ಎಲುಬಿಲ್ಲ ಅಂತ ನಮ್ಮಮ್ಮ ಸುಮ್ಮನೆ ಬೈತಿರಲಿಲ್ಲ. "ಸರ್, ಬೀರು ತೆಗೀರಿ. ಅಂಗಿ ಬಿಚ್ಚಿ ನೋಡಿದ್ದಾರೋ ಇಲ್ವೋ ಈಗಲೇ ತೋರಿಸ್ತೀವಿ." ಅವರು ಗೊಣಗುತ್ತಾ ಬೀಗ ತೆಗೆದರು. ಅಕ್ಕ ಅಂಗಿಯನ್ನು ಚೀಲದಿಂದ ಜಾರಿಸಿ ಕಾಲರ್ ಹಿಂದೆ ಬೆರಳಿಟ್ಟರು. ಎರಡು ಹೊಲಿಗೆ, ಹಾಗೇ ಇದ್ದವು. ತೋಳಿನ ತುದಿಯ ಎರಡೂ ಹಾಗೇ ಇದ್ದವು. "ಈ ದಾರ ಕೀಳದೆ ಅಂಗಿ ಬಿಡಿಸೋಕೆ ಆಗಲ್ಲ ಸರ್" ಅಂದರು. ಸಾಹೇಬರು ಕಣ್ಣು ಕಿರಿದು ಮಾಡಿ ನೋಡಿದರು, ಉಗುರಿನಿಂದ ಮುಟ್ಟಿದರು. "ಅಂದ್ರೆ ಮಡಿಕೆನೇ ಬಿಚ್ಚಿಲ್ವಾ? ಹಂಗಾದ್ರೆ ಚೀಟಿ ಯಾಕೆ?" ಅಂತ ನಮ್ಮನ್ನೇ ಕೇಳಿದರು. ಬಯರ್ ಉತ್ತರ ಬರೋ ತನಕ ಅಕ್ಕ ಲೈನಿನಲ್ಲೇ ಇರಲಿ ಅಂದರು.

ನಾಲ್ಕನೇ ದಿನ ಅಲ್ಲಿ ರಜೆ ಮುಗಿದು ಮೇಲ್ ಬಂತು. ತಿಂಗಳ ಕೊನೆಗೆ ಒಪ್ಪಿಗೆ ಬೀಳದೆ ಉಳಿದ ಮಾಲನ್ನೆಲ್ಲ ಗೋಡೌನಿನವರು ಆ ಚೀಟಿ ಕಟ್ಟಿ ಹಿಂದಕ್ಕೆ ಕಳಿಸಿಬಿಡ್ತಾರಂತೆ. ಅಂಗಿಯನ್ನು ಯಾರೂ ನೋಡಿಲ್ಲ, ಇವತ್ತಿನ ಕೊರಿಯರ್‌ಗೇ ಮತ್ತೆ ಕಳಿಸಿ ಅಂತ ಬರೆದಿತ್ತು. ಸಾಹೇಬರು ಮೆಟ್ಟಿಲ ಹತ್ತಿರ ನಿಂತು ಅಕ್ಕನನ್ನು ಮೇಲಕ್ಕೆ ಕರೆದರು. ಹೊಸಬಳು ಮುಖ ಸಣ್ಣದು ಮಾಡಿಕೊಂಡು ಎದ್ದಳು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಕುಣಿಯೋದೊಂದು ಬಾಕಿ. ಗೆದ್ದೆವು, ಗೆದ್ದೆವು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ.

ಚೀಲ ಹಾಗೇ ಕಳಿಸಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಅಕ್ಕ ಮಾತ್ರ, "ಹೋಗಿ ಬಂದ ಅಂಗಿ, ಒಂದು ಸಲ ಬಿಡಿಸಿ ನೋಡಿಬಿಡ್ತೀನಿ" ಅಂದರು. ಕಚ್ಚಾ ಹೊಲಿಗೆ ಕಿತ್ತು, ಅಂಗಿಯನ್ನು ಮೇಜಿನ ಮೇಲೆ ಹರವಿ, ಅಳತೆಪಟ್ಟಿ ಇಟ್ಟರು. ಎದೆ ಸರಿ. ಭುಜ ಸರಿ. ಬಲತೋಳು ಇಪ್ಪತ್ತಮೂರೂವರೆ ಇಂಚು. ಎಡತೋಳು ಇಪ್ಪತ್ತನಾಲ್ಕು. ಮತ್ತೆ ಇಟ್ಟರು. ಮತ್ತೂ ಇಪ್ಪತ್ತನಾಲ್ಕೇ.

ಆವತ್ತು ಇದರ ಜೊತೆಗೇ ಹೊಲಿದು ಇಲ್ಲೇ ಉಳಿಸಿಕೊಂಡಿದ್ದ ಅದೇ ಬಟ್ಟೆಯ ದೊಡ್ಡ ಸೈಜಿನ ಅಂಗಿಯನ್ನು ಅಕ್ಕ ನಮ್ಮ ರೂಮಿನ ಬೀರುವಿನಿಂದ ತೆಗೆಸಿ ಅಳೆದರು. ಅದರ ಬಲತೋಳು ಇಪ್ಪತ್ತನಾಲ್ಕು, ಎಡತೋಳು ಇಪ್ಪತ್ತಮೂರೂವರೆ. ಎರಡು ಅಂಗಿಯ ಎಡತೋಳುಗಳು ಅದಲುಬದಲಾಗಿದ್ದವು.

ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಯಾಕೆಂದರೆ ಹೊಲಿಯೋಕೆ ಮುಂಚೆ ತೋಳಿನ ಪಟ್ಟಿ ಮಡಚಿ ಇಸ್ತ್ರಿ ಮಾಡಿಕೊಡೋಳು ನಾನು. ಆವತ್ತು ಎರಡೂ ಸೈಜು ಒಟ್ಟಿಗೆ ಬಂದಿದ್ದವು. ನಾನು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು ನಾದಿನಿ ಜೊತೆ ಜಗಳ ಆಡ್ತಾ ಇದ್ದೆ. ಫ್ಯಾನಿನ ಗಾಳಿಗೆ ತೋಳಿನ ತುಂಡುಗಳು ಹಾರಿ ಕೆಳಗೆ ಬಿದ್ದವು. ಸೀಮೆಸುಣ್ಣದ ನಂಬರು ಆಗಲೇ ಇಸ್ತ್ರಿ ಬಿಸಿಗೆ ಅಳಿಸಿಹೋಗಿತ್ತು. ಅಂದಾಜಿನ ಮೇಲೆ ಜೋಡಿಸಿ ಕೊಟ್ಟುಬಿಟ್ಟಿದ್ದೆ. ಅದೆಲ್ಲ ಒಂದೇ ಏಟಿಗೆ ಕಣ್ಣ ಮುಂದೆ ಬಂತು. ಬಾಯಿ ತೆಗೀಬೇಕು ಅಂದುಕೊಂಡೆ. ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳೋ ಬಾಯಿ ಆವತ್ತು ಹೊಲಿದುಹೋಯಿತು. ನನ್ನ ಕೆಲಸ ಹೋದರೆ ಅನ್ನೋದೊಂದೇ ತಲೆಯಲ್ಲಿತ್ತು. ನಾಚಿಕೆಗೇಡು, ಆದರೂ ಹೇಳ್ತೀನಿ, ಅದೊಂದೇ ಇತ್ತು.

ಅಕ್ಕ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಸಾಹೇಬರ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

"ಸರ್, ಇದನ್ನ ಕಳಿಸೋಕೆ ಆಗಲ್ಲ. ತೋಳು ಅರ್ಧ ಇಂಚು ಹೆಚ್ಚುಕಡಿಮೆ ಇದೆ."

"ಏನಮ್ಮಾ ಇದು? ರಿಜೆಕ್ಟ್ ಆಗಿಲ್ಲ, ರಿಜೆಕ್ಟ್ ಆಗಿಲ್ಲ ಅಂತ ಮೂರು ದಿನದಿಂದ ನನ್ನ ಪ್ರಾಣ ತಿಂದ್ರಿ. ಅವರೇ ಆಗಿಲ್ಲ ಅಂತ ಬರೆದ್ರು. ಈಗ ನೀನೇ ಬಂದು ಆಗಿದೆ ಅಂತೀಯಾ?" ಸಾಹೇಬರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಗಲಿಬಿಲಿ ಇತ್ತು. "ಅರ್ಧ ಇಂಚು ಯಾರು ನೋಡ್ತಾರೆ?"

"ಅವರು ನೋಡದೇ ಒಪ್ಪಿಬಿಟ್ರೆ ಕೆಳಗೆ ಎಂಟು ಸಾವಿರ ಅಂಗಿಗೂ ಒಂದು ತೋಳು ಉದ್ದ ಆಗುತ್ತೆ ಸರ್. ಸಂಜೆ ಒಳಗೆ ಬಿಚ್ಚಿ ಹೊಲಿದು ಕೊಡ್ತೀನಿ."

"ತಪ್ಪು ಯಾರದ್ದು?"

ನಾನು ಬಾಗಿಲಿಗೆ ಇನ್ನೂ ಹತ್ತಿರ ಸರಿದೆ.

"ಹೊಲಿದೋಳು ನಾನೇ ಸರ್."

ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದ್ದು ಕೇಳಿಸಿತು. ಆಮೇಲೆ, "ಹಂಗಾದ್ರೆ ಇದನ್ನ ಮುಗಿಸಿ ಲೈನಿಗೇ ಹೋಗು. ನಾನು ಮೇಲಿನವರಿಗೆ ಏನಾದ್ರೂ ಹೇಳಬೇಕಲ್ಲ" ಅಂದರು. ಅವರಿಗೂ ಬೇಸರ ಇತ್ತು, ಆ ದನಿ ನನಗೆ ಗೊತ್ತು. ಆದರೂ ಹಾಗೇ ಅಂದರು.

ಅಕ್ಕ ಎರಡು ಅಂಗಿಯ ಎಡತೋಳನ್ನೂ ಬಿಚ್ಚಿ, ಬದಲಾಯಿಸಿ, ನಾಲ್ಕು ಗಂಟೆಗೆಲ್ಲ ಮುಗಿಸಿದರು. ನಾನು ಇಸ್ತ್ರಿ ಮಾಡಿದೆ. ಕಳಿಸೋ ಅಂಗಿ ಮಡಿಸಿ ಕಚ್ಚಾ ಹೊಲಿಗೆ ಹಾಕಿ ಚೀಲಕ್ಕೆ ಇಳಿಸಿದ ಮೇಲೆ ಅಕ್ಕ ಮಿಷನ್ನಿಗೆ ಬಟ್ಟೆ ಮುಚ್ಚಿ ಕೆಳಗೆ ಹೋದರು.

ಮೂರು ವಾರಕ್ಕೆ ಹಸಿರು ಚೀಟಿ ಕಟ್ಟಿಸಿಕೊಂಡು ಅಂಗಿ ಬಂತು. ಚೀಟಿಯಲ್ಲಿ ಕಂಪನಿ ಹೆಸರಿತ್ತು, ಬಯರ್ ಸಹಿ ಇತ್ತು. ಹೊಲಿದವರ ಹೆಸರಿಗೆ ಅದರಲ್ಲಿ ಜಾಗವೇ ಇಲ್ಲ. ಆ ಬಟ್ಟೆಯ ಕೆಲಸ ನಾಲ್ಕನೇ ಲೈನಿಗೇ ಬಿತ್ತು. ಅಂಗಿಯನ್ನು ಲೈನಿನ ತಲೆಯಲ್ಲಿ ಕಂಬಿಗೆ ತಗಲಿಹಾಕಿದರು.

ಒಂದು ದಿನ ಇಸ್ತ್ರಿ ಮಾಡಿದ ಕಾಲರ್ ಕಟ್ಟು ಕೊಡೋಕೆ ಕೆಳಗೆ ಹೋಗಿದ್ದೆ. ನಾಲ್ಕನೇ ಲೈನಿನ ಸೂಪರ್‌ವೈಸರ್, ಇಪ್ಪತ್ತೈದರ ಹುಡುಗಿ, ಅಕ್ಕನ ಮಿಷನ್ ಮುಂದೆ ಒಂದು ತೋಳು ಎತ್ತಿ ಹಿಡಿದು ಕೂಗ್ತಾ ಇದ್ದಳು. "ಏನಮ್ಮ ಇದು, ಹೆಗಲ ಹತ್ತಿರ ಸುಕ್ಕು! ಅಲ್ಲಿ ಅಪ್ರೂವ್ಡ್ ಪೀಸ್ ತಗಲಿಹಾಕಿರೋದು ಯಾಕೆ, ಚಂದಕ್ಕಾ? ಎದ್ದು ಹೋಗಿ ನೋಡು, ತೋಳು ಹೇಗೆ ಕೂತಿದೆ ಅಂತ!"

ನನಗೆ ರಕ್ತ ತಲೆಗೇರಿತು. "ಲೇ, ಅದನ್ನ ಹೊಲಿದೋರು ಯಾರು ಅಂತ ಗೊತ್ತೇನೇ ನಿನಗೆ?" ಅಂತ ಬಾಯಿ ಮಾಡಿದೆ. ಅಕ್ಕ ನನ್ನ ಕೈ ಹಿಡಿದು ಜಗ್ಗಿದರು. ಹುಡುಗಿಗೆ, "ಬಿಚ್ಚಿ ಹೊಲೀತೀನಮ್ಮ" ಅಂದರು. ಅವಳು ನಮ್ಮಿಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ, ಮುಂದಿನ ಮಿಷನ್ನಿಗೆ ಹೋದಳು.

ಆಗ ನನಗೆ ತಡೆಯೋಕೆ ಆಗಲಿಲ್ಲ. ಮಿಷನ್ನುಗಳ ಸದ್ದಿನಲ್ಲಿ ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿಬಿಟ್ಟೆ. "ಅಕ್ಕ, ಆವತ್ತು ತೋಳು ಅದಲುಬದಲು ಮಾಡಿದ್ದು ನಾನು. ಫೋನಲ್ಲಿದ್ದೆ. ನಿಮ್ಮ ಕುರ್ಚಿ ಹೋಗಿದ್ದು ನನ್ನಿಂದ. ಈಗಲೇ ಹೋಗಿ ಸಾಹೇಬರಿಗೆ ಹೇಳ್ತೀನಿ."

"ಗೊತ್ತು ಕಣೇ. ಅಳೆದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ? ನನ್ನ ಉಳಿಸೋಕಾ?"

ಅಕ್ಕ ತುಟಿಯಿಂದ ದಾರ ತೆಗೆದು ಬೆರಳಿಗೆ ಸುತ್ತಿಕೊಂಡರು. "ನಿನ್ನ ಉಳಿಸೋಕೆ ಅಲ್ವೇ. ನೀನು ತಪ್ಪು ತುಂಡು ಕೊಟ್ಟೆ, ಸರಿ. ದೊಡ್ಡ ತೋಳನ್ನ ಸಣ್ಣ ಕಂಕುಳಿಗೆ ಕೂರಿಸೋವಾಗ ಬಟ್ಟೆ ಮಿಗುತ್ತೆ. ಮಿಗ್ತಾ ಇದೆ ಅಂತ ಕೈ ಹೇಳುತ್ತೆ. ಹದಿನಾಲ್ಕು ವರ್ಷ ನನ್ನ ಕೈ ಹೇಳ್ತಿತ್ತು, ನಾನು ಅಲ್ಲೇ ನಿಲ್ಲಿಸ್ತಿದ್ದೆ. ಆವತ್ತು ಹೇಳಲಿಲ್ಲ. ಮಿಕ್ಕಿದ್ದನ್ನ ಸುಕ್ಕು ಬೀಳದ ಹಾಗೆ ಒಳಗೆ ನುಂಗಿಸಿ ಹೊಲಿದುಬಿಟ್ಟಿದೀನಿ, ನನಗೇ ಗೊತ್ತಾಗದ ಹಾಗೆ. ಅತ್ತೆ ಮುಂದೆ ಬೇರೆ ನೆಟ್ಟಗಿದೆ ಅಂತ ಹೇಳಿದ್ನಲ್ಲ! ಅದಕ್ಕೇ ಮೇಲೆ ಕೂರೋಕೆ ಮನಸ್ಸು ಒಪ್ಪಲಿಲ್ಲ."

ನನಗೆ ಅಳು ಬಂತು. "ಒಂದು ಸಲ ಅಲ್ವಾ ಅಕ್ಕ, ಒಂದೇ ಸಲ!" ಅಂದೆ.

"ಈಗಿನದ್ದು?" ಅಂತ ಅಕ್ಕ ಆ ಸುಕ್ಕು ಬಿದ್ದ ತೋಳನ್ನು ನನ್ನ ಕೈಗೆ ಕೊಟ್ಟರು. ಹುಡುಗಿ ಕೂಗಿದ್ದು ಸುಳ್ಳಲ್ಲ. ಹೆಗಲ ಹತ್ತಿರ ಮೂರು ಕಡೆ ಸುಕ್ಕಿತ್ತು.

ನಾನು ತೋಳು ಹಿಡಕೊಂಡು ಆ ಸುಕ್ಕನ್ನು ಹೆಬ್ಬೆರಳಿಂದ ಇಸ್ತ್ರಿ ಹಾಕೋ ಹಾಗೆ ಒತ್ತಿ ಸವರಿದೆ. ಅಕ್ಕ ಅದನ್ನು ಇಸಕೊಂಡು ಬಿಚ್ಚೋಕೆ ಶುರುಮಾಡಿದರು. ಅಷ್ಟರಲ್ಲಿ ಹಿಂದಿನ ಮಿಷನ್ನಿನವಳು ಇನ್ನೂ ಹನ್ನೆರಡು ತೋಳು ಅವರ ಮುಂದಕ್ಕೆ ತಳ್ಳಿದಳು.